ಸಾವಂತ್ರಮ್ಮನಿಗೆ ಬಿದ್ದ ಪದ

ನಮ್ಮೂರಿನ ಗೊರವಂಕಗಳು ಬೈಯುವುದು ಇಂಗ್ಲಿಷಿನಲ್ಲಿ. ನಾನು ಮದುವೆಯಾಗಿ ಈ ಊರಿಗೆ ಕಾಲಿಟ್ಟ ದಿನ, ಬಸ್ಸಿನ ಮೇಲಿಂದ ನನ್ನ ಟ್ರಂಕು ಇಳಿಸುತ್ತಿದ್ದ ಕ್ಲೀನರು ಯಾರದೋ ಚೀಲಕ್ಕೆ ಕೈ ಹಾಕಿ ಒಂದು ಮಾವಿನಹಣ್ಣು ಎಗರಿಸಿದ. ಕರೆಂಟು ತಂತಿಯ ಮೇಲಿದ್ದ ಗೊರವಂಕ ಕತ್ತು ಓರೆ ಮಾಡಿ ಅವನನ್ನೇ ನೋಡಿ, ಮೇಷ್ಟ್ರ ದನಿಯಲ್ಲಿ "ನಾಟಿ" ಎಂದಿತು. ನನ್ನ ಕೈಯಲ್ಲಿದ್ದ ಎಲೆಯಡಿಕೆ ತಟ್ಟೆ ಜಾರಿ ಬಿತ್ತು. ಪಕ್ಕದಲ್ಲಿದ್ದ ನಮ್ಮತ್ತೆ ಸಾವಂತ್ರಮ್ಮ ಬಗ್ಗಿ ಅಡಿಕೆ ಆಯ್ದುಕೊಡುತ್ತಾ, "ಹೆದರ್ಕೋಬ್ಯಾಡ ಕಣೆ ಹುಡ್ಗಿ, ನಾಟಿ ಅಂದ್ರೆ ದೊಡ್ಡ ವಿಷ್ಯ ಅಲ್ಲ. ಮಕ್ಳಿಗೆ ಒಂದು ಹಿಡಿ ಕಡ್ಲೆಬೀಜ ಹಂಚಿದ್ರೆ ಮುಗೀತು" ಎಂದರು. ಕ್ಲೀನರು ಆಗಲೇ ಕಡಲೆಬೀಜದ ಗಾಡಿಯ ಕಡೆ ತಲೆ ಕೆರೆದುಕೊಳ್ಳುತ್ತಾ ಹೊರಟಿದ್ದ.

ಹಕ್ಕಿಗಳು ಆಡುವುದು ಇಂಗ್ಲಿಷು ಎಂದು ಗೊತ್ತಿಲ್ಲದ ಕಾಲದಲ್ಲಿ ಊರಿನವರು ಅದನ್ನು ಕನ್ನಡವೆಂದೇ ನಂಬಿದ್ದರಂತೆ. "ಬ್ಯಾಡ್" ಎಂದು ಕೂಗಿದರೆ, ಬ್ಯಾಡ ಕಣೋ ಎನ್ನುತ್ತಿದೆ ಎಂದುಕೊಂಡು ಕಳ್ಳರು ಹೆಗಲಿಗೇರಿಸಿದ್ದ ಕುರಿಯನ್ನು ಅಲ್ಲೇ ಇಳಿಸಿ ಹೋಗುತ್ತಿದ್ದರು. "ನಾಟಿ" ಎಂದರೆ, ಅಸಲಿ ನಮ್ಮೂರ ತಳಿ ಎಂದು ಹೊಗಳುತ್ತಿದೆ ಅಂತ ತಾಯಂದಿರು ಬೀಗುತ್ತಿದ್ದರು. "ರೋಗ್" ಅನ್ನಿಸಿಕೊಂಡ ದನದ ದಲ್ಲಾಳಿಯನ್ನು ಅವನ ಹೆಂಡತಿ ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಳು. "ಸಿನ್" ಎಂದು ಕೂಗಿಸಿಕೊಂಡ ಒಬ್ಬ ಪೂಜಾರಿಯಂತೂ, ಹಕ್ಕಿ ಸೀನು ಎಂದು ಅಪ್ಪಣೆ ಕೊಡುತ್ತಿದೆ ಅಂದುಕೊಂಡು ಎಲ್ಲರೆದುರು ಒಂದು ಸುಳ್ಳು ಸೀನು ಸೀನಿದ. ಸುಳ್ಳಿಗೆ ಹಕ್ಕಿ ಮತ್ತೆ ಕೂಗಿತು. ಅವನು ಮತ್ತೆ ಸೀನಿದ. ಹೊತ್ತು ಮುಳುಗುವವರೆಗೂ ಇಬ್ಬರೂ ಬಿಡಲಿಲ್ಲವಂತೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ತವರಿನಿಂದ ತಂದಿದ್ದ ನಿಘಂಟು ತೆಗೆದು ಅತ್ತೆಗೆ ಓದಿ ಹೇಳಿದೆ: ಈವಿಲ್ ಎಂದರೆ ದುಷ್ಟ, ವೈಲ್ ಎಂದರೆ ದುಷ್ಟ, ವಿಕೆಡ್ ಎಂದರೂ ದುಷ್ಟ. "ಮೂರಾಳಿಗೂ ಒಂದೇ ಅಳತೆ ಅಂಗಿ ಹೊಲ್ಸವ್ರಲ್ಲೇ ನಿನ್ ಪುಸ್ತಕದೋರು!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮೂರಿನಲ್ಲಿ ಪದಗಳ ಅರ್ಥ ತಿಳಿಯುವುದು ಅವು ಬಿದ್ದವರ ಕಥೆಯಿಂದ. ನಾಟಿ ಎಂದರೆ ತಲೆಗಿಂತ ಮೊದಲು ಕೈ ಓಡಿದ್ದು. ಬ್ಯಾಡ್ ಎಂದರೆ ಸರಿಯಾಗಿ ಮಾಡಲು ಮೈಗಳ್ಳತನವಾಗಿ ತಪ್ಪು ಮಾಡಿದ್ದು. ರೋಗ್ ಎಂದರೆ, ಮೋಸ ಹೋದವನೇ "ಆದ್ರೂ ಒಳ್ಳೆ ಮನುಷ್ಯ ಬಿಡಪ್ಪ" ಎನ್ನುವಂಥ ಮೋಸ. ಇವಕ್ಕೆಲ್ಲ ಕಡಲೆಬೀಜದಲ್ಲೇ ಪರಿಹಾರವಿದೆ. ಈವಿಲ್, ವೈಲ್, ವಿಕೆಡ್ ಹಾಗಲ್ಲ. ಬಾವಿಯ ಹಗ್ಗ ಸವೆದಿದ್ದನ್ನು ಕಂಡೂ, ದಾಯಾದಿ ನೀರಿಗೆ ಬಗ್ಗುವ ತನಕ ಕೈಕಟ್ಟಿ ನಿಂತಿದ್ದವನಿಗೆ ಈವಿಲ್ ಬಿದ್ದಿತ್ತು. ಕಣ್ಣು ಕಾಣದ ತಾಯಿಯ ತಟ್ಟೆಯಿಂದ ತುಪ್ಪವನ್ನು ತನ್ನ ತಟ್ಟೆಗೆ ಬಗ್ಗಿಸಿಕೊಂಡವನಿಗೆ ವೈಲ್. ಆ ಪದ ಕೂಗುವಾಗ ಹಕ್ಕಿಗೇ ವಾಕರಿಕೆ ಬಂದಂತಿರುತ್ತದೆ. ವಿಕೆಡ್ ಬಿದ್ದದ್ದು ಒಬ್ಬ ರಸಿಕನಿಗೆ. ಎರಡು ಬೀದಿಯಲ್ಲಿ ಇಬ್ಬರು ಹೆಂಡಿರನ್ನಿಟ್ಟುಕೊಂಡು, ಒಬ್ಬಳಿಗೆ ಇನ್ನೊಬ್ಬಳನ್ನು ತನ್ನ ತಂಗಿ ಎಂದು ಪರಿಚಯಿಸಿ, ನಾದಿನಿ ನಾದಿನಿ ಎನ್ನುತ್ತಾ ಅವರಿಬ್ಬರೂ ಒಬ್ಬರಿಗೊಬ್ಬರು ಹೂ ಮುಡಿಸುವುದನ್ನು ನೋಡಿ ಮೀಸೆಯಡಿ ನಗುತ್ತಿದ್ದನಂತೆ.

ಈ ಮೂರರಲ್ಲಿ ಯಾವುದು ಬಿದ್ದರೂ ಅವರ ಕೈಯ ಅನ್ನನೀರು ಊರಿಗೆ ನಿಷಿದ್ಧ. ನೀರಿನ ಟ್ಯಾಂಕಿನ ಕೆಳಗೆ ಊರವರ ಮುಂದೆ ನಿಂತು, ಮಾಡಿದ್ದು ಏನೆಂದು ಬಾಯಿಬಿಟ್ಟು ಹೇಳಬೇಕು. ಊರ ಯಜಮಾನರು ಅದನ್ನು ತೂಗಿ ನೋಡಿ ಪರಿಹಾರ ಹೇಳಬೇಕು. ಹೇಳುವ ತನಕ ಅವರ ಒಲೆ ಅವರಿಗೆ ಮಾತ್ರ. ಹಕ್ಕಿಗಳು ಮನೆಯೊಳಗೆ ಇಣುಕುವುದಿಲ್ಲ, ಅಷ್ಟು ಮರ್ಯಾದೆ ಅವಕ್ಕಿದೆ. ಮಾಡಿದವರು ಬಯಲಿಗೆ ಬಂದು, ಒಳಗೆ ಮಾಡಿದ್ದನ್ನು ಮನಸ್ಸಿನಲ್ಲೇ ಮೆಲುಕು ಹಾಕಿದರೆ ಮಾತ್ರ ಹಿಡಿಯುತ್ತವೆ.

ನಮ್ಮತ್ತೆಯದು ಆ ಟ್ಯಾಂಕಿನೆದುರೇ ಮಂಡಕ್ಕಿ ಅಂಗಡಿ. ಮಂಡಕ್ಕಿ ಒಗ್ಗರಣೆ, ಜೊತೆಗೆ ಬಾಣಲೆಯಿಂದ ಎದ್ದ ಬಿಸಿ ಮಿರ್ಚಿ. ಜಗಳವಾಡಿಕೊಂಡ ಗಂಡಹೆಂಡತಿ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದುದು ಅಲ್ಲೇ; ಪರೀಕ್ಷೆ ಮುಗಿಸಿದ ಮಕ್ಕಳು ಮನೆಗೆ ಮೊದಲು ಬರುತ್ತಿದ್ದುದೂ ಅಲ್ಲಿಗೇ. ಗಂಡ ತೀರಿಕೊಂಡ ಮೇಲೆ ಆ ಬಾಣಲೆಯ ಮುಂದೆಯೇ ಕೂತು ಮಗ ತಿಪ್ಪೇಶಿಯನ್ನು, ಅಂದರೆ ನನ್ನ ಗಂಡನನ್ನು, ಬೆಳೆಸಿದ್ದರು. "ನನ್ ಕೈ ಸುಮ್ಕಿದ್ರೆ ನಾನು ಸತ್ತಿದೀನಿ ಅಂತ ತಿಳ್ಕೊಳ್ರಿ" ಎನ್ನುತ್ತಿದ್ದರು.

ಊರ ಯಜಮಾನರಾದ ಮುರಿಗೆಪ್ಪನವರು ನಮ್ಮತ್ತೆಯ ಅಕ್ಕನ ಗಂಡ, ನನಗೆ ದೊಡ್ಡ ಮಾವ. ಹುಟ್ಟಿದಂದಿನಿಂದ ಒಂದೇ ಒಂದು ಪದ, ಕಡೆಗೆ ಒಂದು ನಾಟಿ ಕೂಡ ಬೀಳದ ಮನುಷ್ಯ. ಅವರು ಬೀದಿಗೆ ಬಂದರೆ ಗೊರವಂಕಗಳು ಬೇಜಾರಿನಿಂದ ರೆಕ್ಕೆ ಕೆದರಿಕೊಳ್ಳುತ್ತಿದ್ದವು. ಹೆಂಡತಿ ನೀಲಮ್ಮ ತೀರಿಕೊಂಡಾಗ ಅವರು ಎಲ್ಲರ ಮುಂದೆ, "ಅವಳ ಕೈ ಹೋದ ಮೇಲೆ ಈ ನಾಲಿಗೆಗೆ ಸಿಹಿ ಇಲ್ಲ" ಎಂದು ಮಾತು ಕೊಟ್ಟುಬಿಟ್ಟರು. ಸಿಹಿಯೊಂದನ್ನೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಅದರ ಹಿಂದೆಯೇ ಊಟ ಹೋಯಿತು, ನಿದ್ದೆ ಹೋಯಿತು, ಮಾತು ಹೋಯಿತು. ಗೂಟಕ್ಕೆ ನೇತುಹಾಕಿದ ಅಂಗಿಯಂತಾದರು. ಆಗ ನಮ್ಮತ್ತೆ, ಪಕ್ಕದೂರಿನ ಪಂಡಿತರು ಹೇಳಿದ್ದೆಂದು, ದಿನಾ ಸಂಜೆ ಒಂದು ಮುಚ್ಚಳದ ಚೊಂಬಿನಲ್ಲಿ ಕಷಾಯ ಒಯ್ಯಲು ಶುರುಮಾಡಿದರು. ಮೇಲೆ ಬೇವಿನೆಲೆ ತೇಲುತ್ತಿತ್ತು. ದೊಡ್ಡ ಮಾವ ಮೂಗು ಹಿಡಿದು, ಕಣ್ಣು ಮುಚ್ಚಿ, ಮುಖವನ್ನು ಒಣಗಿದ ಹುಣಸೆಹಣ್ಣಿನಂತೆ ಮಾಡಿಕೊಂಡು ಗಟಗಟ ಕುಡಿಯುತ್ತಿದ್ದರು. ಆ ಮುಖ ನೋಡಲೆಂದೇ ಬೀದಿಯ ಮಕ್ಕಳು ಕಿಟಕಿಗೆ ಜೋತುಬೀಳುತ್ತಿದ್ದವು. ಕಷಾಯ ಕೆಲಸ ಮಾಡಿತು. ನಿದ್ದೆ ಬಂತು, ಹಸಿವು ಬಂತು, ಕೆನ್ನೆಗೆ ಮಾಂಸ ಬಂತು. ಮಾತೂ ಬಂತು. ಒಂದು ಬರಲಿಲ್ಲ, ಅವರು ನಕ್ಕಿದ್ದನ್ನು ಯಾರೂ ನೋಡಲಿಲ್ಲ.

ಹೀಗೆ ಒಂದೂವರೆ ವರ್ಷ ನಡೆದ ಮೇಲೆ ಒಂದು ಸಂಜೆ, ಸಂತೆ ತುಂಬಿದ್ದಾಗ, ಅತ್ತೆ ಖಾಲಿ ಚೊಂಬು ಹಿಡಿದು ವಾಪಸು ಬರುತ್ತಿದ್ದರು. ಸೊಪ್ಪಿನ ಕೊಟ್ರಮ್ಮನ ಬುಟ್ಟಿಯ ಹತ್ತಿರ ಬಂದಾಗ ಏನು ನೆನಪಾಯಿತೋ, ಚೊಂಬಿನ ಅಂಚಿಗೆ ಬೆರಳು ಸವರಿ ನೆಕ್ಕಿ, ಸೆರಗು ಬಾಯಿಗೆ ಅಡ್ಡ ಹಿಡಿದು ಒಬ್ಬರೇ ಕಿಸಕ್ಕನೆ ನಕ್ಕರು. ತಗಡಿನ ಮೇಲಿಂದ ಗೊರವಂಕ ಸ್ಪಷ್ಟವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಕೂಗಿತು: "ವಿಕೆಡ್!"

ಸಂತೆಯ ತಕ್ಕಡಿಗಳು ಅಲ್ಲಲ್ಲೇ ನಿಂತವು. ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬೀನ್ಸ್ ಆರಿಸುತ್ತಿದ್ದ ನಾನು ಅಲ್ಲೇ ಇದ್ದೆ.

"ಏನ್ ಮಾಡಿದ್ಯೇ ಸಾವಂತ್ರಿ?" ಕೊಟ್ರಮ್ಮ ಬಾಯಿಬಿಟ್ಟು ಕೇಳಿದಳು. "ಮಂಡಕ್ಕಿಗೆ ಏನಾರ ಬೆರೆಸಿದ್ಯಾ?"

"ಮಾಡಿದ್ದು ಹೌದು" ಎಂದರು ಅತ್ತೆ. ಅವರ ಮುಖ ಸುಣ್ಣವಾಗಿತ್ತು. "ಏನು ಅಂತ ಹೇಳಾಕಿಲ್ಲ."

ಮರುದಿನ ಅಂಗಡಿಗೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತೆ ಆದರೂ ಬೆಳಗ್ಗೆ ಎದ್ದು ಈರುಳ್ಳಿ ಸಣ್ಣಗೆ ಹೆಚ್ಚಿ, ಕಡಲೆಹಿಟ್ಟು ಕಲಸಿ, ಖಾಲಿ ಬೀದಿಯನ್ನು ನೋಡುತ್ತಾ ಕೂರುತ್ತಿದ್ದರು. ಹಾದುಹೋಗುವವರು ವಾಸನೆಗೆ ಹೆಜ್ಜೆ ನಿಧಾನಿಸಿ, ನೆನಪಾಗಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ನಾವೂ ಅವರ ಕೈಯದನ್ನು ತಿನ್ನುವಂತಿರಲಿಲ್ಲ. ತಿಪ್ಪೇಶಿ ನನ್ನ ಅಡುಗೆ ಉಣ್ಣುತ್ತಾ ಅಮ್ಮನ ಒಲೆಯ ಕಡೆ ನೋಡುವುದನ್ನು ಕಂಡು ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

"ಹೇಳಿಬಿಡ್ರಿ ಅತ್ತೆ" ಎಂದೆ. "ಏನೇ ಇರಲಿ, ದೊಡ್ಡ ಮಾವ ಏನೋ ಒಂದು ಪರಿಹಾರ ಹೇಳ್ತಾರೆ. ನಿಮ್ ಬಾಣಲೆ ಹೀಗೆ ತಣ್ಣಗಿರೋದು ನೋಡಕ್ಕಾಗಲ್ಲ ನನಗೆ."

"ಹೇಳಿದ್ರೆ ಒಬ್ರು ಉಣ್ಣೋದು ಬಿಡ್ತಾರೆ ಕಣೆ. ಹೇಳ್ದಿದ್ರೆ ನನ್ನಂಗಡಿ ಮುಚ್ತೈತೆ, ಅಷ್ಟೇ ತಾನೆ?" ಅವರು ಸೆರಗಿನಿಂದ ಬಾಣಲೆಯ ಮೇಲಿನ ಧೂಳು ಒರೆಸಿದರು. "ಯಾವುದು ದೊಡ್ಡದು ನೀನೇ ಹೇಳು."

ಯಾರು ಆ ಒಬ್ಬರು ಎಂದು ನನಗೆ ಹೊಳೆಯಲಿಲ್ಲ. ನನಗೆ ಹತ್ತಿದ್ದ ಚಿಂತೆಯೇ ಬೇರೆ: ದೊಡ್ಡ ಮಾವನ ಕಷಾಯ ನಿಂತುಹೋಗಿತ್ತಲ್ಲ, ಅವರು ಮತ್ತೆ ಸೊರಗಿದರೆ? ಅತ್ತೆಯನ್ನು ಕೇಳಿದರೆ "ಅದರ ಗೊಡವೆ ನಿನಗೆ ಬ್ಯಾಡ" ಎಂದು ಗದರಿದರು. ನಾನು ಬುದ್ಧಿವಂತಳು ನೋಡಿ, ಅವರಿಗೆ ಗೊತ್ತಾಗದಂತೆ ಕೊಟ್ರಮ್ಮನ ಹತ್ತಿರ ಒಂದು ಕಟ್ಟು ಬೇವು, ಗ್ರಂದಿಗೆ ಅಂಗಡಿಯಲ್ಲಿ ನೆಲಬೇವು ಮತ್ತು ಮೆಣಸು ತಂದು, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಅದೇ ಚೊಂಬಿಗೆ ಸೋಸಿ, ಮೇಲೆ ಎಲೆ ತೇಲಿಬಿಟ್ಟು ಒಯ್ದೆ.

ಮುರಿಗೆಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಚೊಂಬು ಕಂಡದ್ದೇ ಅವರ ಕಣ್ಣು ಅರಳಿತು, ಕೂಡಲೇ ಮುಖ ಗಂಟಿಕ್ಕಿತು. ಎಂದಿನಂತೆ ಕಿಟಕಿಯಲ್ಲಿ ಮಕ್ಕಳ ತಲೆಗಳು. ಮಾವ ಮೂಗು ಹಿಡಿದರು, ಕಣ್ಣು ಮುಚ್ಚಿದರು. ತುಟಿಗೆ ಚೊಂಬು ತಾಗುವ ಮುಂಚೆಯೇ ಮುಖ ಹುಣಸೆಹಣ್ಣಾಗಿತ್ತು. ಒಂದು ದೊಡ್ಡ ಗುಟುಕು ಕುಡಿದರು.

ಮುಖ ಬಿಚ್ಚಿಕೊಂಡಿತು. ಗಂಟುಗಳೆಲ್ಲ ಕಳಚಿ, ಹುಬ್ಬು ಮೇಲೆ ಹೋಗಿ, ಬಾಯಿ ತೆರೆದು, ಜಾತ್ರೆಯಲ್ಲಿ ಕಳೆದುಹೋದ ಕೂಸಿನ ಮುಖವಾಯಿತು.

"ಇದು... ಇದು ಕಹಿಯಾಗೈತಲ್ಲೇ!" ಎಂದರು.

"ಕಷಾಯ ಅಲ್ವಾ ದೊಡ್ಡ ಮಾವ" ಎಂದೆ ನಾನು. "ಕಹಿಯಾಗಿರದೆ?"

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಆಡಿದ ಮಾತು ಕಿವಿಗೆ ಬಿದ್ದು ಅವರು ಕಿವಿಯ ತುದಿಯವರೆಗೂ ಕೆಂಪಾದರು. ಆಮೇಲೆ ಚೊಂಬಿನೊಳಗೆ ನೋಡಿ, ಏನೋ ಲೆಕ್ಕ ಒಂದಕ್ಕೊಂದು ಸೇರಿದವರಂತೆ ಮೆಲ್ಲಗೆ ತಲೆದೂಗಿದರು. "ಓಹೋ, ಅವಳಿಗೆ ಆ ಪದ ಬಿದ್ದಿದ್ದು ಇದಕ್ಕಾ!" ಎಂದು ತಮಗೆ ತಾವೇ ಹೇಳಿಕೊಂಡು, ಚೊಂಬನ್ನು ನನ್ನ ಕೈಗೆ ಕೊಟ್ಟು, "ನಾಳೆ ಬೆಳಗ್ಗೆ ಟ್ಯಾಂಕಿನ ಕೆಳಗೆ ಎಲ್ರೂ ಬರಲಿ. ಸಾವಂತ್ರಿನೂ ಬರಲಿ" ಎಂದರು. ದಾರಿಯಲ್ಲಿ ಬರುತ್ತಾ ಬರುತ್ತಾ ನನಗೂ ಬೆಳಕಾಯಿತು. ಮನೆಗೆ ಬಂದು ಅತ್ತೆಗೆ ಹೇಳೋಣವೆಂದುಕೊಂಡವಳು, ಹೇಳಲು ಹೋಗಲಿಲ್ಲ. ಹೇಳಬೇಕಾದವರು ನಾನಲ್ಲ ಅನ್ನಿಸಿತು.

ಬೆಳಗ್ಗೆ ಟ್ಯಾಂಕಿನ ಕೆಳಗೆ ಊರಿಗೆ ಊರೇ ನೆರೆದಿತ್ತು. ಟ್ಯಾಂಕಿನ ಅಂಚಿಗೆ ಗೊರವಂಕಗಳೂ ಸಾಲಾಗಿ ಕೂತಿದ್ದವು. ಅತ್ತೆ ಯಾರಾದರೂ ಕೇಳುವ ಮೊದಲೇ ಮುಂದೆ ಬಂದು, ಪಾಠ ಒಪ್ಪಿಸುವವರಂತೆ ಗಟ್ಟಿಯಾಗಿ ಹೇಳಿದರು: "ಹಿಂದಿನ ದಿನದ ಎಣ್ಣೆಲೇ ಮಿರ್ಚಿ ಕರ್ದಿದೀನಿ. ತಪ್ಪಾಯ್ತು."

"ಅಯ್ಯೋ ಅದು ಬ್ಯಾಡ್ ಕಣೆ, ವಿಕೆಡ್ ಅಲ್ಲ!" ಕೊಟ್ರಮ್ಮ ಕೂತಲ್ಲಿಂದಲೇ ಕೂಗಿದಳು. "ಹಂಗಾದ್ರೆ ಬಸ್ ಸ್ಟ್ಯಾಂಡ್ ಹೋಟ್ಲೋರ್ಗೆಲ್ಲ ದಿನಕ್ಕೊಂದು ವಿಕೆಡ್ ಬೀಳ್ಬೇಕಿತ್ತು."

ಜನ ಗೊಳ್ಳೆಂದರು. ಮುರಿಗೆಪ್ಪನವರು ಕೈ ಎತ್ತಿದರು. "ಕೊಟ್ರಮ್ಮ ಹೇಳೋದು ಸರಿ. ಹಳೇ ಎಣ್ಣೆಗೆ ಯಾರಿಗೂ ನಗು ಬರಲ್ಲ ಸಾವಂತ್ರಿ. ಈವಿಲ್ ಬಿದ್ದೋರು ಯಾರೂ ನಕ್ಕಿರಲಿಲ್ಲ, ಹಗ್ಗ ನೋಡ್ಕೊಂಡು ನಿಂತಿದ್ನಲ್ಲ, ಅವನ ಮುಖ ಕಲ್ಲಿನಂಗಿತ್ತಂತೆ. ವೈಲ್ ಬಿದ್ದೋನು ತಲೆ ಎತ್ತಿ ನೋಡ್ಲೇ ಇಲ್ಲ. ವಿಕೆಡ್ ಅಂದ್ರೆ ಹಂಗಲ್ಲ. ಕೂತು ಯೋಚ್ನೆ ಮಾಡಿ, ಮಾಡಿದ್ದನ್ನು ಬೆಲ್ಲದಂಗೆ ಬಾಯಲ್ಲಿ ಇಟ್ಕೊಂಡು ಚೀಪಿರಬೇಕು. ನೀನು ಚೊಂಬು ನೆಕ್ಕಿ ನಕ್ಕಿದ್ದು ಸಂತೆ ಎಲ್ಲಾ ನೋಡೈತೆ."

ಅತ್ತೆ ಕೈ ಮುಗಿದರು. "ಕೇಳಬ್ಯಾಡ್ರಿ ಭಾವ" ಎಂದರು. "ಅಂಗಡಿ ಮುಚ್ತೀನಿ ಬೇಕಾದ್ರೆ. ನೀವು ಮಾತ್ರ ಕೇಳಬ್ಯಾಡ್ರಿ."

"ನಾನ್ಯಾಕೆ ಕೇಳ್ಲಿ? ನಾನೇ ಹೇಳ್ತೀನಿ." ಮುರಿಗೆಪ್ಪನವರು ಎದ್ದು ನಿಂತರು. "ನಿನ್ನೆ ನಿನ್ ಸೊಸೆ ನನಗೆ ಕಷಾಯ ತಂದ್ಕೊಟ್ಲು. ನಿಜವಾದ ಕಷಾಯ. ಅದು ಕಹಿಯಾಗಿತ್ತು."

ಅತ್ತೆ ನನ್ನ ಕಡೆ ತಿರುಗಿ ಸುಡುವಂತೆ ನೋಡಿದರು. ನಾನು ಮಗಳ ಟೋಪಿ ಸರಿಮಾಡಿದೆ.

"ಇಷ್ಟು ದಿನ ಇವಳು ತರ್ತಿದ್ದಿದ್ದು ಕಷಾಯ ಅಲ್ಲ" ಎಂದರು ಮುರಿಗೆಪ್ಪನವರು ಜನರಿಗೆ. "ಗಸಗಸೆ ಪಾಯಸ. ನೀಲಿ ಮಾಡ್ತಿದ್ಳಲ್ಲ, ಅದೇ. ಗಸಗಸೆ ಹುರಿಯೋದು, ಬೆಲ್ಲ ಎಷ್ಟು, ಕಾಯಿ ಎಷ್ಟು, ಎಲ್ಲಾ ಅಕ್ಕನಿಂದ ಕಲ್ತಿರೋಳು. ಬೇವಿನೆಲೆ ಮೇಲೆ ತೇಲ್ಬಿಟ್ಟು, ಪಂಡಿತರ ಹೆಸರು ಹೇಳಿ, ಮಾತು ಕೊಟ್ಟಿದ್ದ ಮುದುಕನಿಗೆ ದಿನಾ ಕುಡಿಸಿದಾಳೆ."

ಟ್ಯಾಂಕಿನ ಕೆಳಗೆ ಗುಸುಗುಸು ಎದ್ದಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಬೀಳುವ ಮಾತು ಬೀಳಲಿ ಎಂಬಂತೆ.

"ಮೊದಲ್ನೇ ಗುಟುಕಿಗೇ ನನಗೆ ಗೊತ್ತಾಯ್ತು" ಎಂದರು ಮುರಿಗೆಪ್ಪನವರು.

ಅತ್ತೆಯ ಕಣ್ಣು ತೆರೆಯಿತು.

"ಸಿಹಿ ಐತೆ ಅಂದ್ರೆ ನಿಂತೋಗ್ತೈತಲ್ಲ? ಅದಕ್ಕೇ ಕಹಿ ಮುಖ ಮಾಡ್ದೆ. ಕನ್ನಡಿ ಮುಂದೆ ನಿಂತು ಕಲ್ತೆ ಆ ಮುಖನ. ಕಿಟಕೀಲಿ ಮಕ್ಳು ಸೇರ್ತಿದ್ದಂಗೆ ಇನ್ನೂ ಚೆನ್ನಾಗಿ ಮಾಡ್ದೆ. ಒಂದೊಂದಿನ ಮುಖ ಹಿಂಡಿ ಹಿಂಡಿ ದವಡೆ ನೋಯೋದು ಕಣ್ರಪ್ಪ!" ಹೇಳುತ್ತಾ ಹೇಳುತ್ತಾ ಅವರ ಗಂಟಲಲ್ಲಿ ಏನೋ ಅಲುಗಿತು. ಮೊದಲು ಕೆಮ್ಮು ಅಂದುಕೊಂಡೆವು. ಅಲ್ಲ, ನಗು. ಒಂದೂವರೆ ವರ್ಷದಿಂದ ಎಲ್ಲೋ ಸಿಕ್ಕಿಹಾಕಿಕೊಂಡಿದ್ದ ನಗು, ತುಕ್ಕು ಹಿಡಿದ ನಲ್ಲಿಯ ಹಾಗೆ ಮೊದಲು ಗೊರಗೊರ ಎಂದು, ಆಮೇಲೆ ಧಾರೆಯಾಗಿ ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕರು.

ಟ್ಯಾಂಕಿನ ಅಂಚಿನ ಗೊರವಂಕ ಎರಡು ಹೆಜ್ಜೆ ಮುಂದೆ ಕುಪ್ಪಳಿಸಿ, ಅವರನ್ನು ದಿಟ್ಟಿಸಿ ನೋಡಿ, ಕೂಗಿತು: "ವಿಕೆಡ್!"

ಹುಟ್ಟಿದಂದಿನಿಂದ ಪದ ಬೀಳದ ಮನುಷ್ಯ. ಮುರಿಗೆಪ್ಪನವರು ತಲೆ ಎತ್ತಿ ಹಕ್ಕಿಯನ್ನು ನೋಡಿ, ರುಮಾಲು ಸರಿಮಾಡಿಕೊಂಡು, ಮೊಮ್ಮಗ ಹುಟ್ಟಿದ ಸುದ್ದಿ ಕೇಳಿದವರಂತೆ ನಿಂತರು.

ಮೊದಲು ಬಾಯಿಬಿಟ್ಟವರು ಅತ್ತೆ. "ಒಂದೂವರೆ ವರ್ಷ!" ಎಂದು ಕಿರುಚಿದರು. "ಒಂದೂವರೆ ವರ್ಷ ನನ್ ಮುಂದೆ ಆ ಮೂತಿ ಮಾಡಿದ್ರಾ? ಪಾಪ ಮುದುಕನಿಗೆ ಮೋಸ ಮಾಡ್ತಿದೀನಲ್ಲಾ ಅಂತ ಒಂದೊಂದಿನ ಮನೆಗೆ ಹೋಗಿ ಅತ್ತಿದೀನಿ ಭಾವ ನಾನು! ನಿಮ್ ಮಾತು ಕೆಡಿಸ್ದೆ ಅಂತ ಸೋಮ್ವಾರ ಸೋಮ್ವಾರ ಉಪವಾಸ ಮಾಡಿದೀನಿ!"

"ಮಾತು ಎಲ್ಲಿ ಕೆಡ್ತು? ಸಿಹಿ ಬಿಟ್ಟೆ ಅಂದಿದ್ದೆ, ಕಷಾಯ ಬಿಟ್ಟೆ ಅಂದಿದ್ನಾ?" ಎಂದರು ಮುರಿಗೆಪ್ಪನವರು. ಹಕ್ಕಿ ಇನ್ನೊಂದು ಸಲ ಕೂಗಿತು. ಆಮೇಲೆ ದನಿ ತಗ್ಗಿಸಿ, ಅತ್ತೆಗೆ ಮಾತ್ರ ಎಂಬಂತೆ, ಆದರೆ ನಮಗೆಲ್ಲ ಕೇಳುವಂತೆ ಹೇಳಿದರು: "ಒಂದೇ ಕೊರತೆ ಸಾವಂತ್ರಿ. ನೀಲಿ ಏಲಕ್ಕಿ ಹಾಕೋಳು."

"ವಾಸನೆಗೆ ಗೊತ್ತಾಗಿಬಿಡ್ತೈತೆ ಅಂತ ಬಿಟ್ಟಿದ್ದೆ ಭಾವ" ಎಂದರು ಅತ್ತೆ, ಮೂಗೇರಿಸುತ್ತಾ. "ಇನ್ಮೇಲೆ ಹಾಕ್ತೀನಿ."

ಇಬ್ಬರೂ ಅಳುತ್ತ ನಗುತ್ತ ಇದ್ದುದನ್ನು ನೋಡಿ ನಮಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಪ್ರಾಯಶ್ಚಿತ್ತ ಹೇಳಬೇಕಾದವರಿಗೇ ಪದ ಬಿದ್ದಿತ್ತು. ತೂಗುವವರು ಯಾರು? ಆದರೆ ಮುರಿಗೆಪ್ಪನವರಿಗೆ ಕಟ್ಟಳೆಗಳೆಲ್ಲ ಬಾಯಿಪಾಠ. "ದೊಡ್ಡ ಪದ ಬಿದ್ದೋರ ಕೈಲಿ ದೊಡ್ಡ ಪದ ಬಿದ್ದೋರು ತಿನ್ನಬಹುದು ಅಂತೈತೆ. ಇಲ್ದಿದ್ರೆ ಆ ಇಬ್ಬರು ಹೆಂಡ್ರ ಗಂಡನೂ ಆ ತುಪ್ಪದೋನೂ ಒಬ್ಬರ ಮನೇಲಿ ಒಬ್ರು ಉಣ್ಣೋ ಹಂಗೇ ಇರ್ಲಿಲ್ಲ" ಎನ್ನುತ್ತಾ ನೇರ ಅಂಗಡಿಗೆ ನಡೆದರು. "ಬಾಣ್ಲೆ ಇಡೇ ಸಾವಂತ್ರಿ. ನನಗೆ ನಾಲ್ಕು ಮಿರ್ಚಿ."

ಎಣ್ಣೆ ಕಾಯ್ದಿತು. ಮೊದಲ ಮಿರ್ಚಿ ಚುಂಯ್ ಎಂದಿತು. ಆ ವಾಸನೆ ಬೀದಿಯುದ್ದಕ್ಕೂ ಹರಡಿದಾಗ ಊರಿನ ನಾಲಿಗೆಗಳೆಲ್ಲ ಒಟ್ಟಿಗೆ ಒದ್ದೆಯಾದವು. ಅಂಥ ಪದ ಬೀಳದವರು ಅಂಗಡಿಯಿಂದ ಮಾರುದೂರದಲ್ಲಿ ಎಂಜಲು ನುಂಗುತ್ತಾ ನಿಂತರು. ತಡೆಯಲಾರದೆ ಮೊದಲು ಮುಂದೆ ಬಂದವಳು ಕೊಟ್ರಮ್ಮ. ತಲೆ ಎತ್ತಿ ಹಕ್ಕಿಗಳಿಗೇ ಹೇಳಿದಳು: "ಕೇಳ್ರಪ್ಪ. ದಿನಾ ಮೂರೇ ಎಲೆ ಬೇವು ಕೇಳೋಳು ಯಾವ ಕಷಾಯ ಕಾಯಿಸ್ತಾಳೆ ಅಂತ ನನಗೆ ಎಂದೋ ಗೊತ್ತಾಗಿತ್ತು. ಗೊತ್ತಿದ್ದೂ ಸಂತೇಲಿ 'ಏನ್ ಮಾಡಿದ್ಯೇ' ಅಂತ ಕೇಳಿದ್ದು, ಅವಳು ಬೆವರೋದು ನೋಡಕ್ಕೆ." ಹೇಳಿ ಹಲ್ಲು ಕಿರಿದಳು. "ವಿಕೆಡ್!" ಎಂದಿತು ಹಕ್ಕಿ. ಕೊಟ್ರಮ್ಮ ಓಡಿಹೋಗಿ ತಟ್ಟೆ ಒಡ್ಡಿದಳು.

ಆಮೇಲೆ ನೂಕುನುಗ್ಗಲು. ಹಿಟ್ಟಿನ ಗಿರಣಿಯವನು, ತನ್ನ ಅತ್ತೆ ಊರಿಗೆ ಬರುತ್ತೇನೆಂದಾಗಲೆಲ್ಲ ಬಸ್ಸು ನಿಂತುಹೋಗಿದೆ ಎಂದು ಹೇಳುತ್ತಿದ್ದುದನ್ನು ಒಪ್ಪಿಕೊಂಡು ತಿಂದ. ಭಜನೆಯ ತಂಡದವರು, ಬೇಸುರವಾಗಿ ಹಾಡುವ ತಮ್ಮ ಗುರುಗಳ ಮೈಕಿನ ವೈರು ಎಂದೋ ಕಿತ್ತಿಟ್ಟಿರುವುದನ್ನು ಗುರುಗಳ ಎದುರೇ ಹೇಳಿ ತಿಂದರು. ಗುರುಗಳು, ಅದು ಗೊತ್ತಾಗಿಯೇ ದಿನಾ ಎರಡು ಹಾಡು ಹೆಚ್ಚು ಹಾಡುತ್ತಿದ್ದೆ ಎಂದು ಹೇಳಿ ಎರಡು ತಟ್ಟೆ ತಿಂದರು. ಗೊರವಂಕಗಳ ಗಂಟಲು ಕಟ್ಟಿತು. ತಿಪ್ಪೇಶಿಗೆ ಯಾವುದಕ್ಕೆ ಬಿತ್ತೆಂದು ಕೇಳಬೇಡಿ, ಅದು ನನ್ನ ತವರಿನವರ ಬಗ್ಗೆ. ಅವರೂ ಹೋಗಿ ಅಮ್ಮನ ಪಕ್ಕ ಕೂತು ಮಿರ್ಚಿ ಮುರಿದರು.

ಉಳಿದವಳು ನಾನೊಬ್ಬಳೇ. ನಿಜವಾದ ಕಷಾಯ ಕುದಿಸಿದ್ದನ್ನು ಹೇಳಿ ನೋಡಿದೆ, ಹಕ್ಕಿ ಆಕಳಿಸಿತು. ಮಗಳು ಅಜ್ಜಿಯ ತೊಡೆಯೇರಿ ಮಂಡಕ್ಕಿ ಮುಕ್ಕುತ್ತಿದ್ದಳು, ಹಾಲುಹಲ್ಲಿನ ಮಕ್ಕಳಿಗೆ ಯಾವ ಕಟ್ಟಳೆಯೂ ಇಲ್ಲ. "ಏನೂ ಇಲ್ವೇನೇ ಹುಡ್ಗಿ ನಿನ್ ಹತ್ರ?" ಎಂದು ಅತ್ತೆ ಮರುಕದಿಂದ ಕೇಳಿದರು. "ಇಷ್ಟು ವರ್ಷ ನನ್ ಮನೇಲಿದ್ದು ಇಷ್ಟೇನಾ ಕಲ್ತಿದ್ದು?"

ಇತ್ತು. ಹೇಳಬಾರದೆಂದಿದ್ದೆ. ಆದರೆ ಬಾಣಲೆಯಿಂದ ಅದೇ ತಾನೇ ಎದ್ದ ಮಿರ್ಚಿ, ಮೇಲೆ ಹೆಚ್ಚಿದ ಈರುಳ್ಳಿ, ನಿಂಬೆಹಣ್ಣು.

"ರಾತ್ರಿ ಮಗು ಅಳುತ್ತಲ್ಲ" ಎಂದೆ, ನೆಲ ನೋಡುತ್ತಾ. "ಅದು ಮೊದಲ ಸಲ ಕುಂಯ್ ಅಂದಾಗಲೇ ನನಗೆ ಎಚ್ಚರ ಆಗುತ್ತೆ. ಆಗ ನಾನು ಗೊರಕೆ ಹೊಡೀತೀನಿ."

ತಿಪ್ಪೇಶಿಯ ಕೈಯ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. ಎಷ್ಟು ರಾತ್ರಿ ಅವರು ಮಗಳನ್ನು ಹೆಗಲಿಗೆ ಹಾಕಿಕೊಂಡು, ಪಾಪ ದಣಿದು ಮಲಗಿದ್ದಾಳೆ ಎಂದು ನನ್ನ ಹೊದಿಕೆ ಸರಿಮಾಡಿ, ಅಂಗಳದಲ್ಲಿ ಓಡಾಡಿದ್ದರೋ! "ಗೊರಕೆ... ಆ ಗೊರಕೆ ಎಲ್ಲಾ ಸುಳ್ಳಾ?" ಎಂದರು.

"ಎಲ್ಲಾ ಅಲ್ಲ" ಎಂದೆ. ಆಗ ಹೊದಿಕೆಯೊಳಗಿನ ಆ ಬೆಚ್ಚನೆ ಸುಖ ನೆನಪಾಗಿ, ತಡೆದರೂ ನಿಲ್ಲದೆ, ನಗು ಉಕ್ಕಿಬಿಟ್ಟಿತು.

ಟ್ಯಾಂಕಿನ ಮೇಲಿಂದ, ಕಟ್ಟಿದ ಗಂಟಲಿನಲ್ಲೇ, ಸಾಲಾಗಿ ಕೂತಿದ್ದ ಅಷ್ಟೂ ಗೊರವಂಕಗಳು ಒಟ್ಟಿಗೆ ಕೂಗಿದವು. ಅತ್ತೆ ಎಲ್ಲಕ್ಕಿಂತ ದಪ್ಪ ಮಿರ್ಚಿಯನ್ನು ಆರಿಸಿ ನನ್ನ ತಟ್ಟೆಗೆ ಹಾಕಿದರು.